ಮಾರ್ಕ್ ಟ್ವೈನ್‌ನ ಏದೆನ್: ಆದಾಮನ ದಿನಚರಿ, ಹವ್ವಳ ದಿನಚರಿ, ಸೈತಾನನ ಪತ್ರಗಳು. ಯಾವುದಕ್ಕೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ. ಒಂದನ್ನೇ ಕೊಳ್ಳುವುದಾದರೆ ‘ಈವ್ಸ್ ಡೈರಿ’, ಅಂದರೆ ಹವ್ವಳ ದಿನಚರಿ ಕೊಳ್ಳಿ, ಅದೂ ಲೆಸ್ಟರ್ ರಾಲ್ಫ್ ಬರೆದ ಚಿತ್ರಗಳಿರುವ ಪ್ರತಿಯನ್ನೇ. ‘ಎಕ್ಸ್‌ಟ್ರಾಕ್ಟ್ಸ್ ಫ್ರಮ್ ಆಡಮ್ಸ್ ಡೈರಿ’ಯನ್ನು ಅದಕ್ಕೂ ಮುಂಚೆ ಪುಕ್ಕಟೆ ಓದಿ ಮುಗಿಸಿ. ‘ಲೆಟರ್ಸ್ ಫ್ರಮ್ ದಿ ಅರ್ತ್’ ಲೈಬ್ರರಿಯಲ್ಲಿ ಸಿಕ್ಕರೆ ತನ್ನಿ, ಹುಡುಕಿಕೊಂಡು ಹೋಗಿ ಕೊಳ್ಳಬೇಡಿ. ಎರಡು ದಿನಚರಿಗಳನ್ನೂ ಒಟ್ಟಿಗೆ ಸೇರಿಸಿ ಅಗ್ಗಕ್ಕೆ ಮಾರುವ ತೆಳು ಪೇಪರ್‌ಬ್ಯಾಕ್‌ಗಳ ತಂಟೆಗಂತೂ ಹೋಗಲೇಬೇಡಿ. ಅಂಥದ್ದೊಂದು ನನ್ನ ಕಪಾಟಿನಲ್ಲಿದೆ, ಈ ಹೋಲಿಕೆ ಬರೆಯಲು ಅದೇ ಕಾರಣ.

ಮೂರನ್ನೂ ಬರೆದವನು ಅಮೆರಿಕದ ಹಾಸ್ಯಲೇಖಕ ಟ್ವೈನ್, ಮೂರಕ್ಕೂ ಮೂಲ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡ. ಆದರೂ ಓದಿದವರ ಪ್ರತಿಕ್ರಿಯೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಆದಾಮನದನ್ನು ಓದುವವರು ಅರ್ಧದಲ್ಲೇ ನಿಲ್ಲಿಸಿ ಪಕ್ಕದವರಿಗೆ ಸಾಲು ಓದಿ ಹೇಳುತ್ತಾರೆ. ಹವ್ವಳದು ಮುಗಿದಾಗ ಯಾರೂ ತಕ್ಷಣ ಬಾಯಿಬಿಡುವುದಿಲ್ಲ. ಸೈತಾನನ ಪತ್ರಗಳಾದರೆ, ಒಪ್ಪಿದವರೂ ಜಗಳಕ್ಕೆ ನಿಲ್ಲುತ್ತಾರೆ. ದಿನಚರಿಗಳಲ್ಲಿ ಮಾತಾಡುವವರಿಗೆ ಏನೂ ಗೊತ್ತಿಲ್ಲ, ಓದುವ ನಮಗೆ ಎಲ್ಲ ಗೊತ್ತು. ನಗು ಹುಟ್ಟುವುದು ಅಲ್ಲೇ. ಪತ್ರಗಳಲ್ಲಿ ಸೈತಾನನಿಗೆ ಎಲ್ಲ ಗೊತ್ತು, ನಾವು ಕೂತು ಪಾಠ ಹೇಳಿಸಿಕೊಳ್ಳಬೇಕು.

ಯಾವುದನ್ನು ಓದುವುದಾದರೂ ಮೊದಲು ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಆದಿಕಾಂಡದ 2, 3, 4ನೇ ಅಧ್ಯಾಯ ಓದಿಕೊಳ್ಳಿ. 25, 24, 26, ಒಟ್ಟು 75 ವಚನ. ಕಾಲು ಗಂಟೆ ಸಾಕು. ಇದನ್ನು ಬಿಟ್ಟು ನೇರ ದಿನಚರಿಗೆ ಇಳಿದವರು ಅರ್ಧ ಜೋಕುಗಳನ್ನು ಕಳೆದುಕೊಳ್ಳುತ್ತಾರೆ. 2ನೇ ಅಧ್ಯಾಯದ 19, 20ನೇ ವಚನಗಳಲ್ಲಿ ಪ್ರಾಣಿ ಪಕ್ಷಿಗಳಿಗೆಲ್ಲ ಹೆಸರಿಡುವವನು ಆದಾಮ. ಟ್ವೈನ್ ಆ ಕೆಲಸವನ್ನು ಹವ್ವಳಿಗೆ ವಹಿಸಿಬಿಟ್ಟ. ಆದಾಮ ಬಾಯಿ ತೆರೆಯುವಷ್ಟರಲ್ಲಿ ಅವಳು ಹೆಸರಿಟ್ಟಾಗಿರುತ್ತದೆ. ಯಾಕೆ ಅಂದರೆ, ನೋಡಲು ಹಾಗೇ ಕಾಣುತ್ತದಲ್ಲ ಎಂಬ ಉತ್ತರ. ಡೋಡೋ ಹಕ್ಕಿಗೆ ಡೋಡೋ ಎಂಬ ಹೆಸರು ಬಂದದ್ದು ಹೀಗೆ, ಆದಾಮನಿಗೆ ಅದೊಂದು ದೊಡ್ಡ ಸಂಕಟ. ಇದೇ ಪ್ರಸಂಗ ಹವ್ವಳ ದಿನಚರಿಯಲ್ಲಿ ಬಂದಾಗ ಬೇರೆಯೇ ಕಥೆ: ಪಾಪ, ಅವನಿಗೆ ಹೆಸರಿಡುವುದು ಬರುವುದಿಲ್ಲ, ಅವನ ಮರ್ಯಾದೆ ಹೋಗದಿರಲಿ ಎಂದು ತಾನೇ ಚಟ್ಟನೆ ಹೇಳಿಬಿಡುತ್ತೇನೆ, ಡೋಡೋ ಬಂದಾಗ ಅವನು ಅದನ್ನು ಕಾಡುಬೆಕ್ಕು ಅಂದುಕೊಂಡಿದ್ದ. ಆದಾಮನ ಗೊಣಗಾಟ ಮೊದಲು ಕಿವಿಗೆ ಬಿದ್ದಿದ್ದರೆ ಮಾತ್ರ ಈ ಎರಡನೆಯದರ ರುಚಿ. ಆದ್ದರಿಂದ ಕ್ರಮ ಬದಲಿಸಬೇಡಿ.

ಆದಾಮನ ದಿನಚರಿ ಮೊದಲು ಅಚ್ಚಾದದ್ದು 1893ರಲ್ಲಿ, ನಯಾಗರ ಜಲಪಾತದ ಬಗ್ಗೆ ಹೊರಬಂದ ‘ದಿ ನಯಾಗರ ಬುಕ್’ ಎಂಬ ಪುಸ್ತಕದಲ್ಲಿ. ಹಾಗಾಗಿ ಇಲ್ಲಿ ಏದೆನ್ ತೋಟ ಇರುವುದೇ ನಯಾಗರದ ಪಕ್ಕ. ಹವ್ವ ಬಂದ ಕೆಲವೇ ದಿನಗಳಲ್ಲಿ ತೋಟ ಪಾರ್ಕ್ ಆಗುತ್ತದೆ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಫಲಕ ಏಳುತ್ತದೆ, ಗೋಟ್ ಐಲ್ಯಾಂಡಿಗೆ ಈ ಕಡೆ, ಸುಳಿಗೆ ಆ ಕಡೆ ಎಂದು ಬೋರ್ಡುಗಳು ಬರುತ್ತವೆ. ಇವೆಲ್ಲ ನಿಜವಾದ ಜಾಗಗಳು. ತೋಟದಿಂದ ಹೊರಬಿದ್ದ ಮೇಲೆ ಅವರು ಸೇರುವ ಊರಿಗೆ ಹವ್ವ ಟೊನವಾಂಡ ಎಂದು ಹೆಸರಿಡುತ್ತಾಳೆ. ಅದೂ ಬಫೆಲೋ ನಗರಕ್ಕೂ ಜಲಪಾತಕ್ಕೂ ನಡುವೆ ಇರುವ ನಿಜವಾದ ಊರು. ಟ್ವೈನ್ 1869ರಿಂದ 71ರವರೆಗೆ ಬಫೆಲೋದಲ್ಲಿದ್ದು ಅಲ್ಲಿನ ಪತ್ರಿಕೆ ನಡೆಸಿದವನು, ಆ ಸೀಮೆಯ ಓದುಗರಿಗೆ ಇದು ಮನೆಯ ಜೋಕು. ನಮಗೆ ಹಾಗಲ್ಲ. ಓದುವ ಮುಂಚೆ ಐದು ನಿಮಿಷ ನಕ್ಷೆ ನೋಡಿಕೊಳ್ಳಿ, ವ್ಯತ್ಯಾಸ ಗೊತ್ತಾಗುತ್ತದೆ. ಆದಾಮ ಪೀಪಾಯಿಯೊಳಗೆ ಕೂತು ಜಲಪಾತದಿಂದ ಧುಮುಕುತ್ತಾನೆ, ಹವ್ವಳಿಗೆ ಅದು ಸರಿಬರುವುದಿಲ್ಲ. ನಿಜವಾಗಿ ಪೀಪಾಯಿಯಲ್ಲಿ ಆ ಜಲಪಾತ ಇಳಿದು ಬದುಕಿದ ಮೊದಲ ವ್ಯಕ್ತಿ ಆನಿ ಎಡ್ಸನ್ ಟೇಲರ್, ಅದು 1901ರಲ್ಲಿ. ಟ್ವೈನ್ ಎಂಟು ವರ್ಷ ಮುಂಚೆಯೇ ಬರೆದಿಟ್ಟಿದ್ದ.

ಗಟ್ಟಿಯಾಗಿ ಓದಿದರೆ ಇದು ಅರ್ಧ ಗಂಟೆಯ ಸರಕು. ಭಾನುವಾರದ ನಮೂದುಗಳ ಹತ್ತಿರ ಓದುವ ವೇಗ ಇಳಿಸಿ. ಒಂದು ದಿನ ಉದ್ದಕ್ಕೆ ಬರೆದಿರುತ್ತಾನೆ, ಆಮೇಲೆ ‘ಭಾನುವಾರ: ಹೇಗೋ ಕಳೆಯಿತು’ ಅಂತಷ್ಟೇ. ಮತ್ತೊಂದು ವಾರ, ಮತ್ತೆ ಅಷ್ಟೇ. ವಾರಕ್ಕೆ ಆರು ದಿನ ತನಗೆ ವಿಶ್ರಾಂತಿಯೇ ಇತ್ತು, ಈಗ ಒಂದೇ ದಿನವನ್ನು ವಿಶ್ರಾಂತಿಗೆಂದು ಗೊತ್ತುಮಾಡಿದ್ದಾರೆ ಎಂಬುದು ಅವನ ದೂರು.

ಕೊನೆಯ ಮೂರನೇ ಒಂದು ಭಾಗ ಅವರ ಮೊದಲ ಮಗ ಕಾಯಿನನದು. ಆದಾಮ ಬೇಟೆಗೆ ಹೋಗಿದ್ದಾಗ ಹವ್ವ ಏನನ್ನೋ ‘ಹಿಡಿದಿದ್ದಾಳೆ’. ಏನದು? ಮೀನಿರಬೇಕು ಎಂದು ನೀರಿಗೆ ಹಾಕಿ ನೋಡುತ್ತಾನೆ. ಮುಳುಗುತ್ತದೆ. ಪರೀಕ್ಷೆ ಮುಗಿಯುವ ಮುಂಚೆಯೇ ಅವಳು ಹಾರಿ ಎತ್ತಿಕೊಂಡುಬಿಟ್ಟಳಲ್ಲ ಎಂದು ಅವನಿಗೆ ಬೇಜಾರು. ಆಮೇಲೆ ಕಾಂಗರೂ ಎನ್ನುತ್ತಾನೆ, ಲ್ಯಾಟಿನ್ ಹೆಸರೂ ಕೊಡುತ್ತಾನೆ, ಇಂಥದೇ ಇನ್ನೊಂದನ್ನು ಹುಡುಕಲು ತಿಂಗಳುಗಟ್ಟಲೆ ಕಾಡು ಅಲೆಯುತ್ತಾನೆ. ಎಲ್ಲೂ ಸಿಗದೆ ವಾಪಸು ಬಂದರೆ, ಮನೆ ಬಿಟ್ಟು ಕದಲದ ಹವ್ವ ಎರಡನೆಯದನ್ನೂ ಹಿಡಿದು ಕೂತಿದ್ದಾಳೆ. ಬಾಣಂತನ ನೋಡಿದ ಮನೆಯವರು ಇಲ್ಲಿ ನಕ್ಕಷ್ಟು ಬೇರೆಯವರು ನಗುವುದಿಲ್ಲ. ಗೊಣಗುವ ಗಂಡನ ಹಾಸ್ಯ ಹಳಸಲು ಎಂದು ತಕರಾರು ತೆಗೆಯುವವರಿದ್ದಾರೆ. ಮೊದಲ ಏಳೆಂಟು ಪುಟಗಳ ಮಟ್ಟಿಗೆ ಅವರ ಮಾತು ಸರಿ. ಕಾಯಿನ ಬಂದ ಮೇಲೆ ಆ ತಕರಾರಿಗೆ ಬೆಲೆಯಿಲ್ಲ.

1904ರ ಪುಸ್ತಕದಲ್ಲಿ ಫ್ರೆಡ್ ಸ್ಟ್ರಾಥ್‌ಮನ್ ಕಲ್ಲಿನ ಮೇಲೆ ಕೆತ್ತಿದಂತೆ ವ್ಯಂಗ್ಯಚಿತ್ರ ಬರೆದಿದ್ದಾನೆ. ಚೆನ್ನಾಗಿವೆ. ಇಲ್ಲದಿದ್ದರೂ ನಷ್ಟವಿಲ್ಲ.

ಹವ್ವಳ ದಿನಚರಿಗೆ ಈ ಮಾತು ಅನ್ವಯಿಸುವುದಿಲ್ಲ, ನನ್ನ ತಕರಾರು ಪೂರ್ತಿ ಇರುವುದು ಇಲ್ಲೇ. ಬರಹ 1905ರ ಡಿಸೆಂಬರಿನಲ್ಲಿ ‘ಹಾರ್ಪರ್ಸ್ ಬಜಾರ್’ನಲ್ಲಿ ಬಂತು, ಪುಸ್ತಕ 1906ರಲ್ಲಿ. ಆ ಪುಸ್ತಕವನ್ನು ಕಟ್ಟಿದ್ದೇ ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ಮಾತು ಎಂಬ ಜೋಡಿಯಾಗಿ. ತೆಳು ಗೆರೆಗಳ ಚಿತ್ರಗಳು. ಹವ್ವ ನಕ್ಷತ್ರ ಕೀಳಲು ಕೋಲು ಹಿಡಿದಿರುತ್ತಾಳೆ, ಕೊಳದಲ್ಲಿ ತನ್ನದೇ ಬಿಂಬವನ್ನು ಗೆಳತಿ ಎಂದು ಮಾತಾಡಿಸುತ್ತಾಳೆ. ಅವಳು ಹೇಳುವುದನ್ನು ನಂಬಿಕೊಂಡು ಓದುತ್ತಿರುವಾಗಲೇ ಪಕ್ಕದ ಪುಟ ನಿಜ ಏನೆಂದು ತೋರಿಸುತ್ತಿರುತ್ತದೆ. ಬಲಪುಟದಲ್ಲಿ ಮಾತು ಕಡಿಮೆ ಇರುವುದರಿಂದ ಓದು ತಾನಾಗಿ ನಿಧಾನವಾಗುತ್ತದೆ.

ಅಗ್ಗದ ಮರುಮುದ್ರಣಗಳಲ್ಲಿ ಮೊದಲು ಹೋಗುವುದು ಚಿತ್ರ. ಕೆಲವದರಲ್ಲಿ ‘ಚಿತ್ರ’ ಎಂಬ ಪದ ಮಾತ್ರ ಚೌಕ ಆವರಣದೊಳಗೆ ಉಳಿದಿರುತ್ತದೆ, ಅಂತರ್ಜಾಲದ ಕಡತವನ್ನು ತೆಗೆದು ಹಾಗೇ ಅಚ್ಚಿಗೆ ಹಾಕಿದ ಗುರುತು. ಅದನ್ನಾದರೂ ಸಹಿಸಬಹುದು. ಎರಡನೆಯ ಎಡವಟ್ಟು ದೊಡ್ಡದು. ಹವ್ವಳ ದಿನಚರಿಯ ಮಧ್ಯೆ ಆದಾಮನ ದಿನಚರಿಯ ಒಂದು ತುಣುಕು ಇದೆ. ಅವಳಿನ್ನೂ ಚಿಕ್ಕವಳು, ಹೊಂದಿಕೊಂಡು ಹೋಗಬೇಕು ಎಂದು ಶುರುಮಾಡಿ ಬ್ರಾಂಟೋಸಾರಸ್ ಎಂಬ ಡೈನೋಸಾರ್ ಪ್ರಸಂಗಕ್ಕೆ ಬರುತ್ತಾನೆ. 21 ಅಡಿ ಎತ್ತರ, 84 ಅಡಿ ಉದ್ದದ ಆ ಪ್ರಾಣಿಯನ್ನು ಹವ್ವ ಪ್ರೀತಿಯಿಂದ ಸಾಕಬೇಕೆನ್ನುತ್ತಾಳೆ, ಹಾಲು ಕರೆಯೋಣ ಬಾ ಎಂದು ಕರೆಯುತ್ತಾಳೆ. ಅದು ಹೆಣ್ಣಲ್ಲ, ಮೇಲಾಗಿ ನಮ್ಮ ಹತ್ತಿರ ಏಣಿಯೂ ಇಲ್ಲ ಎನ್ನುತ್ತಾನೆ ಇವನು. ಮೂಲದಲ್ಲಿ ಈ ತುಣುಕಿಗೆ ಸ್ವಂತ ಶೀರ್ಷಿಕೆ ಇದೆ. ತುಣುಕು ಮುಗಿದು ಹವ್ವ ಮತ್ತೆ ಮಾತಿಗೆ ಬರುವಲ್ಲಿ ಮಾತ್ರ ‘ಶುಕ್ರವಾರ’ ಎಂಬ ವಾರದ ಹೆಸರಷ್ಟೇ ಗುರುತು.

ಅಗ್ಗದ ಪ್ರತಿಯಲ್ಲಿ ಆ ಶೀರ್ಷಿಕೆ ಉಳಿದೆಲ್ಲ ಸಾಲುಗಳ ಅಕ್ಷರದಲ್ಲೇ, ಮೇಲೆ ಕೆಳಗೆ ಜಾಗ ಬಿಡದೆ, ಪುಟದ ಕಟ್ಟಕಡೆಗೆ ಬಂದು ಕೂತಿದೆ. ಪುಟ ತಿರುಗಿಸಿದವರು ಹವ್ವಳೇ ಮಾತಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅರ್ಧ ಪುಟ ಓದಿ ‘ಇದೇನಿದು’ ಎಂದು ಹಿಂದೆ ತಿರುಗುತ್ತಾರೆ. ಮುಂದೆ ‘ಶುಕ್ರವಾರ’ ಬಂದಾಗ ಇದು ಆದಾಮನ ಶುಕ್ರವಾರವೋ ಅವಳದೋ ಎಂದು ಮತ್ತೆ ತಡವರಿಸುತ್ತಾರೆ. ಆ ಶುಕ್ರವಾರ ಹವ್ವ ಹೇಳುವುದು, ಮಂಗಳವಾರದಿಂದ ಇವತ್ತಿನವರೆಗೆ ಅವನನ್ನು ಕಂಡಿಲ್ಲ ಎಂಬ ಒಂಟಿತನದ ಮಾತು. ಅದು ಎದೆಗೆ ತಾಗಬೇಕಾದ ಜಾಗದಲ್ಲಿ ಓದುಗರು ಮಾತಾಡುತ್ತಿರುವುದು ಯಾರು ಎಂದು ಹುಡುಕುತ್ತಿರುತ್ತಾರೆ.

ಕೊನೆಯ ಪುಟದಲ್ಲಿ ಇದೇ ತಪ್ಪು ಮತ್ತೆ ಆಗುತ್ತದೆ, ಅಲ್ಲಿ ಅದಕ್ಕೆ ಕ್ಷಮೆಯಿಲ್ಲ. ‘ನಲವತ್ತು ವರ್ಷಗಳ ನಂತರ’ ಎಂಬ ಭಾಗದಲ್ಲಿ ಹವ್ವ, ಇಬ್ಬರಲ್ಲಿ ಒಬ್ಬರು ಮೊದಲು ಹೋಗಬೇಕಾದರೆ ಅದು ತಾನಾಗಿರಲಿ ಎಂದು ಬೇಡಿಕೊಳ್ಳುತ್ತಾಳೆ. ಆಮೇಲೆ ಅವಳ ಸಮಾಧಿಯ ಬಳಿ ಆದಾಮ ಆಡುವ ಒಂದೇ ಸಾಲು: ಅವಳು ಎಲ್ಲಿದ್ದಳೋ ಅದೇ ಏದೆನ್ ಆಗಿತ್ತು. ಟ್ವೈನ್‌ನ ಹೆಂಡತಿ ಒಲಿವಿಯಾ 1904ರ ಜೂನ್ 5ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡಳು, ಮಾರನೇ ವರ್ಷ ಬರೆದದ್ದು ಇದು. ಹಿಂದುಮುಂದು ಜಾಗ ಬಿಟ್ಟು ಒಂಟಿಯಾಗಿ ನಿಲ್ಲಿಸಬೇಕಾದ ಆ ಸಾಲನ್ನು ನನ್ನ ಪ್ರತಿಯಲ್ಲಿ ಪ್ರಾರ್ಥನೆಯ ಪ್ಯಾರಾಗೇ ಅಂಟಿಸಿದ್ದಾರೆ. ಅದರ ಕೆಳಗೆ ಅರ್ಧ ಇಂಚು ಬಿಟ್ಟು ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ.

ಇನ್ನೊಂದು ಬಗೆಯ ಪ್ರತಿಗಳಿವೆ: ಇಬ್ಬರ ದಿನಚರಿಯನ್ನೂ ಕತ್ತರಿಸಿ, ಅವನದೊಂದು ಇವಳದೊಂದು ಎಂದು ಹೆಣೆದವು. ನಾಟಕಕ್ಕೆ ಇದು ಹೊಂದುತ್ತದೆ. ಪುಸ್ತಕದಲ್ಲಿ ಬೇಡ. ಅವನ ಮೊದಲ ನಮೂದು ಸೋಮವಾರ, ಅವಳದು ಶನಿವಾರ, ದಿನಗಳು ತಾಳೆಯಾಗುವುದಿಲ್ಲ. ಮೇಲಾಗಿ ಡೋಡೋದ ಎರಡನೇ ಕಥೆಯನ್ನು ಮೊದಲನೆಯದರ ಪಕ್ಕದಲ್ಲೇ ತಂದಿಟ್ಟರೆ ಜೋಕಿಗೆ ಹಣ್ಣಾಗಲು ಹೊತ್ತೇ ಸಿಗುವುದಿಲ್ಲ.

ಹಾಗಾದರೆ ಕೊಳ್ಳುವ ಮುಂಚೆ ನೋಡಬೇಕಾದದ್ದೇನು? ಪುಟಗಳ ಸಂಖ್ಯೆ ನೋಡಿ: ಚಿತ್ರಸಹಿತ ಹವ್ವಳ ದಿನಚರಿ ಒಂದೇ ನೂರು ಪುಟ ದಾಟುತ್ತದೆ. ಎರಡೂ ಸೇರಿ ಅರವತ್ತು ಎಪ್ಪತ್ತು ಪುಟ ಎಂದಿದ್ದರೆ ಚಿತ್ರ ಇಲ್ಲವೆಂದೇ ಲೆಕ್ಕ. ಲೆಸ್ಟರ್ ರಾಲ್ಫ್ ಹೆಸರು ವಿವರಣೆಯಲ್ಲಿ ಇದೆಯೇ ನೋಡಿ. ಮಾದರಿ ಪುಟ ತೋರಿಸಿದರೆ ಆದಾಮನ ತುಣುಕಿನ ಶೀರ್ಷಿಕೆ ಹೇಗೆ ಕೂತಿದೆ ಎಂದು ಹುಡುಕಿ. 1996ರಲ್ಲಿ ಆಕ್ಸ್‌ಫರ್ಡ್ ಹೊರತಂದ ಮಾಲೆಯಲ್ಲಿ ಎರಡೂ ದಿನಚರಿಗಳ ಮೊದಲ ಮುದ್ರಣಗಳನ್ನು ಚಿತ್ರಸಮೇತ ಯಥಾವತ್ತಾಗಿ ಅಚ್ಚು ಮಾಡಿದ್ದಾರೆ, ಉರ್ಸುಲಾ ಲೆ ಗ್ವಿನ್ ಮುನ್ನುಡಿ ಇದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ, ಪುಸ್ತಕಗಳನ್ನು ಪುಕ್ಕಟೆ ಕೊಡುವ ಜಾಲತಾಣ ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿ ಚಿತ್ರಸಹಿತವಾಗಿಯೇ ಇದೆ. ಇಳಿಸಿಕೊಳ್ಳುವಾಗ ‘ಚಿತ್ರಗಳಿರುವ’ ಕಡತವನ್ನೇ ಒತ್ತಿ, ಚಿತ್ರವಿಲ್ಲದ ಹಗುರ ಕಡತವೂ ಅದೇ ಪಟ್ಟಿಯಲ್ಲಿರುತ್ತದೆ. ಫೋನಿನಲ್ಲಿ ಎಡಬಲದ ಜೋಡಿ ಮುರಿದು ಚಿತ್ರ ಒಂದು ಕಡೆ, ಮಾತು ಒಂದು ಕಡೆ ಬೀಳುತ್ತದೆ. ಲ್ಯಾಪ್‌ಟಾಪ್ ಇದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆ ಪುಸ್ತಕದ ಸ್ಕ್ಯಾನ್ ತೆಗೆದು ಎರಡು ಪುಟ ಒಟ್ಟಿಗೆ ಕಾಣುವಂತೆ ಇಟ್ಟುಕೊಳ್ಳಿ. ಪಿಡಿಎಫ್ ಇಳಿಸಿಕೊಂಡರೆ ಮುಖಪುಟವನ್ನು ಬೇರೆಯಾಗಿ ತೋರಿಸುವ ಆಯ್ಕೆಯನ್ನೂ ಆನ್ ಮಾಡಬೇಕಾಗುತ್ತದೆ. ಮಾಡದಿದ್ದರೆ ಒಂದು ಪುಟ ಜರುಗಿ, ಪ್ರತಿ ಚಿತ್ರದ ಪಕ್ಕದಲ್ಲೂ ಹಿಂದಿನ ಪುಟದ ಮಾತು ಬಂದು ಕೂರುತ್ತದೆ.

ಈ ಚಿತ್ರಗಳೇ ಒಮ್ಮೆ ಪುಸ್ತಕಕ್ಕೆ ಮುಳುವಾದವು. 1906ರಲ್ಲಿ ಮ್ಯಾಸಚೂಸೆಟ್ಸ್‌ನ ಚಾರ್ಲ್‌ಟನ್ ಎಂಬ ಊರಿನ ಗ್ರಂಥಾಲಯ ಹವ್ವಳಿಗೆ ಬಟ್ಟೆಯಿಲ್ಲ ಎಂಬ ಕಾರಣಕ್ಕೆ ಪುಸ್ತಕವನ್ನು ಹೊರಹಾಕಿತು. ಬರಹದ ಬಗ್ಗೆ ತಕರಾರಿಲ್ಲ. ಬಹಿಷ್ಕಾರ ತೆರವಾದದ್ದು 2011ರಲ್ಲಿ. ತನ್ನ ಪುಸ್ತಕವನ್ನು ತೆಗೆದುಹಾಕಿ, ಏನೊಂದೂ ಕತ್ತರಿಸದ ಬೈಬಲನ್ನು ಎಲ್ಲರ ಕೈಗೆಟುಕುವಂತೆ ಇಟ್ಟಿದ್ದಾರಲ್ಲ, ಸಿಟ್ಟು ಬರುವ ಬದಲು ಖುಷಿಯಾಗುತ್ತಿದೆ ಎಂದು ಟ್ವೈನ್ 1907ರ ಪತ್ರವೊಂದರಲ್ಲಿ ಬರೆದ.

ಈ ಕಾಲದ ಓದುಗರು ತಡೆದು ನಿಲ್ಲುವ ಜಾಗ ಬೇರೆ. ತೋಟ ಬಿಟ್ಟ ಮೇಲೆ ಹವ್ವ, ತಾನು ಅವನನ್ನು ಯಾಕೆ ಪ್ರೀತಿಸುತ್ತೇನೆ ಎಂದು ಒಂದೊಂದೇ ಕಾರಣ ತೆಗೆದು ನೋಡುತ್ತಾಳೆ. ಅವನ ಹಾಡಿಗಲ್ಲ, ಅವನ ಹಾಡು ಕೇಳಿದರೆ ಹಾಲು ಒಡೆಯುತ್ತದೆ. ಬುದ್ಧಿಗೂ ಅಲ್ಲ. ಹೊಡೆದರೂ ಬಡಿದರೂ ಪ್ರೀತಿಸುತ್ತಲೇ ಇರುತ್ತೇನೆ ಎನ್ನುತ್ತಾಳೆ. ಈ ಸಾಲು ಬಂದಾಗ ಪುಸ್ತಕ ಮುಚ್ಚಿಟ್ಟವರನ್ನು ತಪ್ಪು ಎನ್ನಲಾರೆ, ನನಗೂ ಅದು ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಗುಂಪಿನಲ್ಲಿ ಓದುವಾಗ ಅದನ್ನು ಹಾರಿಸುವುದು ಮೋಸ. ಓದಿ, ಚರ್ಚೆಯಾಗಲಿ. ಅದೇ ಪುಸ್ತಕದಲ್ಲಿ ಕೋಲು ಮಥಿಸಿ ಬೆಂಕಿ ಹುಟ್ಟಿಸುವವಳೂ ಹವ್ವಳೇ. ಹೊಗೆ, ಬೂದಿ, ಕೆಂಡಕ್ಕೆ ಹೆಸರಿಟ್ಟು, ಆ ಬೆಂಕಿಯಿಂದಲೇ ಭಯ ಎಂಬುದನ್ನೂ ಕಂಡುಹಿಡಿಯುವವಳು. ಮರ ತೇಲುತ್ತದೆ, ಎಲೆ ತೇಲುತ್ತದೆ, ಗರಿ ತೇಲುತ್ತದೆ, ಆದ್ದರಿಂದ ಕಲ್ಲೂ ತೇಲಲೇಬೇಕು, ಸಾಬೀತು ಮಾಡಲು ದಾರಿ ಮಾತ್ರ ಇನ್ನೂ ಸಿಕ್ಕಿಲ್ಲ ಎನ್ನುತ್ತಾಳೆ. ತೀರ್ಮಾನ ತಪ್ಪಿರಬಹುದು, ಎಲ್ಲವನ್ನೂ ಪರೀಕ್ಷಿಸಿ ನೋಡುವ ಹಟ ಇರುವುದು ಅವಳೊಬ್ಬಳಿಗೇ. ಆದಾಮ ಆ ಹೊತ್ತಿಗೆ ವಿಶ್ರಾಂತಿಯಲ್ಲಿರುತ್ತಾನೆ.

ಇನ್ನು ಸೈತಾನನ ಪತ್ರಗಳು, ಅಂದರೆ ‘ಲೆಟರ್ಸ್ ಫ್ರಮ್ ದಿ ಅರ್ತ್’. ವ್ಯಂಗ್ಯದ ಮಾತಾಡಿದ್ದಕ್ಕೆ ಸ್ವರ್ಗದಿಂದ ಗಡೀಪಾರಾದ ಸೈತಾನ, ಭೂಮಿಗೆ ಬಂದು ನೋಡಿ ಅಲ್ಲಿಂದ ದೇವದೂತ ಗೆಳೆಯರಾದ ಮೈಕೇಲ್, ಗೇಬ್ರಿಯಲ್‌ಗೆ ಬರೆಯುವ ಹನ್ನೊಂದು ಪತ್ರ. ಬರೆದದ್ದು 1909ರಲ್ಲಿ, ಟ್ವೈನ್ ತೀರಿಕೊಂಡದ್ದು 1910ರ ಏಪ್ರಿಲ್‌ನಲ್ಲಿ. ಬರ್ನಾರ್ಡ್ ಡಿವೋಟೊ 1939ರಲ್ಲೇ ಸಂಪಾದಿಸಿಟ್ಟರೂ ಮಗಳು ಕ್ಲಾರಾ ಒಪ್ಪಲಿಲ್ಲ, ಅಚ್ಚಾಗುವ ಹೊತ್ತಿಗೆ 1962. ಮೊದಲ ಪತ್ರಗಳು ಭರ್ಜರಿಯಾಗಿವೆ: ಇಲ್ಲಿ ಹಾಡಲು ಬಾರದವರು, ಪ್ರಾರ್ಥನೆ ಐದು ನಿಮಿಷ ಉದ್ದವಾದರೆ ಆಕಳಿಸುವವರು, ಸ್ವರ್ಗದಲ್ಲಿ ಮಾತ್ರ ಹೊತ್ತಿಲ್ಲ ಗೊತ್ತಿಲ್ಲ ಎಂಬಂತೆ ಹಾರ್ಪ್ ಹಿಡಿದು ಹಾಡುತ್ತಲೇ ಇರುವುದಾಗಿ ಕನಸು ಕಾಣುತ್ತಾರೆ. ಜಲಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋಹನ ಹಡಗು ಹೊರಟ ಮೇಲೆ ನೊಣ ಹಿಂದುಳಿದದ್ದು ಗೊತ್ತಾಗಿ ವಾಪಸು ತಿರುಗುವ ಪ್ರಸಂಗವೂ ಹಾಗೆಯೇ. ಆದರೆ ಆ ನೊಣದ ಜೊತೆ ಟೈಫಾಯ್ಡ್ ಹಡಗೇರುತ್ತದೆ, ಅಲ್ಲಿಂದ ರೋಗಗಳ ಪಟ್ಟಿ, ಕೊಕ್ಕೆಹುಳು, ರಾಕ್‌ಫೆಲ್ಲರ್ ಎಂಬ ಅಮೆರಿಕದ ಸಿರಿವಂತ ಅದನ್ನು ತೊಲಗಿಸಲೆಂದು ಕೊಟ್ಟ ದುಡ್ಡು. ಕೊನೆಗೆ ಬೈಬಲಿನಲ್ಲಿ ಬರುವ ಮಿದ್ಯಾನರೆಂಬ ಜನಾಂಗದ ಹತ್ಯಾಕಾಂಡ. ಅಲ್ಲಿಗೆ ಹಾಸ್ಯ ಸತ್ತು ಸಿಟ್ಟು ಮಾತ್ರ ಉಳಿದಿರುತ್ತದೆ.

ಧರ್ಮಶ್ರದ್ಧೆ ಇರುವವರು ದಿನಚರಿಗಳಿಗೆ ಬೇಸರಪಡುವುದು ಅಪರೂಪ, ಯಾಕೆಂದರೆ ಅಲ್ಲಿ ದೇವರು ಪಾತ್ರವಾಗಿ ಬರುವುದೇ ಇಲ್ಲ. ಪತ್ರಗಳಲ್ಲಿ ಅವನೇ ಆರೋಪಿ. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕಿವಿಗೆ ಮೊದಲ ಎರಡು ಮೂರು ಪತ್ರ ಹಿಡಿಸಬಹುದು. ಆದರೆ ಇಲ್ಲಿ ನಿಂದೆಯ ಹಿಂದೆ ಸ್ತುತಿ ಇಲ್ಲ ಎಂದು ಬೇಗ ಗೊತ್ತಾಗುತ್ತದೆ. ಕೊಳ್ಳುವವರಿಗೆ ಇನ್ನೊಂದು ಮಾತು: 1962ರ ಆ ದಪ್ಪ ಪುಸ್ತಕದಲ್ಲಿ ಪತ್ರಗಳು ಒಂದು ಸಣ್ಣ ಪಾಲು, ಉಳಿದದ್ದು ಬೇರೆ ಬರಹಗಳು. ಅವುಗಳಲ್ಲಿ ‘ವಾಸ್ ದಿ ವರ್ಲ್ಡ್ ಮೇಡ್ ಫಾರ್ ಮ್ಯಾನ್?’ ಎಂಬುದನ್ನು ಬಿಡಬೇಡಿ. ಭೂಮಿಯ ವಯಸ್ಸು ಐಫೆಲ್ ಗೋಪುರವಾದರೆ ಮನುಷ್ಯನ ಪಾಲು ಅದರ ತುದಿಯ ಗುಬಟಿಗೆ ಬಳಿದ ಬಣ್ಣದಷ್ಟು, ಗೋಪುರ ಕಟ್ಟಿದ್ದೇ ಆ ಬಣ್ಣಕ್ಕಾಗಿ ಎನ್ನುವವರಿದ್ದಾರೆ ಎಂದು ಕೆಣಕುತ್ತಾನೆ. ಕೆಲವೇ ಪುಟ, ಒಂದು ಪದವೂ ಹೆಚ್ಚಿಲ್ಲ.

1923ರಲ್ಲಿ ಬಂದ ‘ದಟ್ ಡೇ ಇನ್ ಈಡನ್’, ‘ಈವ್ ಸ್ಪೀಕ್ಸ್’ ಎಂಬ ಎರಡು ಚಿಕ್ಕ ಬರಹಗಳನ್ನು ಹಾಸ್ಯ ಎಂದು ಎಣಿಸಿ ತೆರೆಯಬೇಡಿ. ಮೊದಲನೆಯದರ ಪ್ರಶ್ನೆ ಇಷ್ಟೇ: ಸಾವು ಅಂದರೇನೆಂದು ಗೊತ್ತೇ ಇಲ್ಲದವರಿಗೆ ‘ತಿಂದರೆ ಸಾಯುವಿರಿ’ ಎಂದರೆ ಏನು ತಿಳಿಯಬೇಕು? ಎರಡನೆಯದರಲ್ಲಿ ಅಣ್ಣ ಕಾಯಿನನ ಕೈಯಲ್ಲಿ ಸತ್ತ ಹೇಬೆಲ ಬಿದ್ದಿದ್ದಾನೆ, ನಿದ್ದೆ ಮಾಡುತ್ತಿದ್ದಾನೆ ಎಂದು ತಾಯಿ ಕಾಯುತ್ತಿದ್ದಾಳೆ. ಇವನ್ನೆಲ್ಲ ಒಂದೇ ಕಡೆ ಬೇಕೆನ್ನುವವರಿಗೆ ಜಾರ್ಜಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ 1995ರಲ್ಲಿ ತಂದ ‘ದಿ ಬೈಬಲ್ ಅಕಾರ್ಡಿಂಗ್ ಟು ಮಾರ್ಕ್ ಟ್ವೈನ್’ ಇದೆ. ಟಿಪ್ಪಣಿಗಳು ಅಚ್ಚುಕಟ್ಟು, ಓದಲು ಮಾತ್ರ ಮೇಜು ಕುರ್ಚಿ ಬೇಕಾಗುವ ಪುಸ್ತಕ.

ಮನೆಯಲ್ಲೋ ಓದುಕೂಟದಲ್ಲೋ ಗಟ್ಟಿಯಾಗಿ ಓದುವವರು ಎರಡು ದನಿಗಳನ್ನು ಗೊತ್ತುಮಾಡಿಕೊಳ್ಳಿ. ಆದಾಮನದಕ್ಕೆ ಅರ್ಧ ಗಂಟೆ, ಕಾಫಿಗೆ ಬಿಡುವು, ಆಮೇಲೆ ಹವ್ವಳದಕ್ಕೆ ಮುಕ್ಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಹವ್ವಳ ಮಧ್ಯೆ ಬರುವ ಬ್ರಾಂಟೋಸಾರಸ್ ತುಣುಕನ್ನು ಆದಾಮನ ದನಿಯವರೇ ಓದಲಿ, ‘ಶುಕ್ರವಾರ’ ಬಂದ ಕೂಡಲೇ ದನಿ ಬದಲಾಗಲಿ, ಆಗ ಅಚ್ಚಿನ ಎಡವಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಸಮಾಧಿಯ ಸಾಲೂ ಆದಾಮನ ದನಿಯದೇ. ಸೈತಾನನ ಪತ್ರಗಳನ್ನು ಅದೇ ಸಂಜೆಗೆ ಸೇರಿಸಬೇಡಿ, ಬೇರೆ ದಿನ ಇಟ್ಟುಕೊಂಡು ಮೊದಲ ಮೂರನ್ನಷ್ಟೇ ಓದಿ.